ಹಿಂಬಡ್ತಿ ಆದೇಶ ಬಂತು, ಈಗ ಎಲ್ಲಿಗೆ ಹೋಗೋದು? ಪೊಲೀಸರಿಗೊಂದು ಹೋಲಿಕೆಯ ಮಾರ್ಗದರ್ಶಿ

ಲೆಕ್ಕಕ್ಕೆ ಒಬ್ಬ ಎಎಸ್‌ಐ ಅವರನ್ನು ಇಟ್ಟುಕೊಳ್ಳೋಣ. 24 ವರ್ಷದ ಸರ್ವಿಸ್. ಕಾನ್‌ಸ್ಟೆಬಲ್ ಆಗಿ ಸೇರಿದವರು, ಹೆಡ್ ಕಾನ್‌ಸ್ಟೆಬಲ್ ಆದರು, ಭುಜದ ಮೇಲೆ ನಕ್ಷತ್ರ ಬಂದು ಮೂರು ವರ್ಷ ಆಗಿದೆ. ಒಂದು ದಿನ ಎಸ್ಪಿ ಕಚೇರಿಯಿಂದ ಕವರ್ ಬರುತ್ತದೆ. ಡಿಇ, ಅಂದರೆ ಇಲಾಖಾ ವಿಚಾರಣೆ, ಮುಗಿದಿದೆ, ಆರೋಪ ಸಾಬೀತಾಗಿದೆ, ಮತ್ತೆ ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ ಇಳಿಸಲಾಗಿದೆ. ನಾಳೆಯಿಂದ ಆ ನಕ್ಷತ್ರ ತೆಗೆದಿಟ್ಟು ಅದೇ ಠಾಣೆಯ ಹುಡುಗರ ಮುಂದೆ ನಿಲ್ಲಬೇಕು.

ಹೀಗಾದವರು ವಕೀಲರ ಹತ್ತಿರ ಬಂದು ಎರಡು ಪ್ರಶ್ನೆ ಕೇಳುತ್ತಾರೆ. ‘ಹೈಕೋರ್ಟ್‌ಗೆ ಹೋಗೋಣವಾ ಸಾರ್?’ ಆಮೇಲೆ, ‘ಇಲಾಖೆಯಿಂದ ಪರಿಹಾರ ಎಷ್ಟು ಬರುತ್ತೆ?’ ಮೊದಲನೆಯದಕ್ಕೆ ಉತ್ತರ ಬಹುಪಾಲು ‘ಈಗಲೇ ಬೇಡ’. ಎರಡನೆಯದಕ್ಕೆ ಉತ್ತರ, ನೀವು ಮೊದಲ ಅರ್ಜಿಯಲ್ಲಿ ಏನು ಕೇಳಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಹುದ್ದೆ ವಾಪಸ್ ಬರುವುದು ಒಂದು, ದುಡ್ಡು ವಾಪಸ್ ಬರುವುದು ಇನ್ನೊಂದು. ಎರಡನ್ನೂ ಒಂದೇ ಕಾಗದದಲ್ಲಿ ಕೇಳದೆ ಹುದ್ದೆ ಮಾತ್ರ ಗೆದ್ದು ಬಂದವರನ್ನು ನಾನು ಸಾಕಷ್ಟು ನೋಡಿದ್ದೇನೆ.

ದಾರಿಗಳು ಮುಖ್ಯವಾಗಿ ಮೂರು: ಇಲಾಖೆಯೊಳಗಿನ ಮೇಲ್ಮನವಿ, ಎಲ್ಲರೂ ಕೆಎಟಿ ಅಂತ ಕರೆಯುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಆಮೇಲೆ ಹೈಕೋರ್ಟ್. ಜತೆಗೆ ಸಿವಿಲ್ ದಾವೆ ಅನ್ನುವ ಆಸೆಯ ದಾರಿಯೊಂದಿದೆ. ಇವುಗಳನ್ನು ಹೋಲಿಸುವ ಮೊದಲು ಒಂದು ಕೆಲಸ ಮಾಡಬೇಕು.

ಇದು ಶಿಕ್ಷೆಯೇ, ಅಲ್ಲವೇ?

ಕರ್ನಾಟಕದಲ್ಲಿ ‘ಹಿಂಬಡ್ತಿ’ ಅನ್ನುವ ಪದ ಮನೆಮಾತಾದದ್ದು 2017ರ ಫೆಬ್ರುವರಿಯಲ್ಲಿ ಬಿ.ಕೆ. ಪವಿತ್ರ ಪ್ರಕರಣದ ತೀರ್ಪು ಬಂದ ಮೇಲೆ. ಮೀಸಲಾತಿಯಲ್ಲಿ ಬಡ್ತಿ ಪಡೆದವರ ಜ್ಯೇಷ್ಠತೆಗೆ ಸಂಬಂಧಿಸಿದ 2002ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಆಗ ರದ್ದು ಮಾಡಿತು. ಪಟ್ಟಿಗಳು ತಿರುಗುಮುರುಗಾದವು, ಎಷ್ಟೋ ಜನ ಕೆಳಗಿನ ಹುದ್ದೆಗೆ ಬರಬೇಕಾಯಿತು. 2018ರ ಹೊಸ ಕಾಯ್ದೆಯನ್ನು ಅದೇ ಕೋರ್ಟ್ 2019ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆ ಹಿಂಬಡ್ತಿ ಯಾರ ತಪ್ಪಿಗೂ ಕೊಟ್ಟ ಶಿಕ್ಷೆ ಆಗಿರಲಿಲ್ಲ. ಜ್ಯೇಷ್ಠತಾ ಪಟ್ಟಿಯ ಜಗಳದ ವಾದವೇ ಬೇರೆ. ಈ ಬರಹ ಅದರ ಬಗ್ಗೆ ಅಲ್ಲ.

ಇಲ್ಲಿನ ಮಾತು ಶಿಕ್ಷೆಯಾಗಿ ಹುದ್ದೆ ಇಳಿಸುವುದರ ಬಗ್ಗೆ. ಸಂವಿಧಾನದ 311ನೇ ವಿಧಿ ಇದನ್ನು ವಜಾ ಮಾಡುವುದರ ಪಕ್ಕದಲ್ಲೇ ಇಟ್ಟಿದೆ. ಆರೋಪ ಏನು ಅಂತ ಹೇಳಬೇಕು, ವಿಚಾರಣೆ ನಡೆಸಬೇಕು, ಮಾತಾಡಲು ಅವಕಾಶ ಕೊಡಬೇಕು. ಇದಿಲ್ಲದೆ ಇಳಿಸುವಂತಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆ ಆಗಿದ್ದರೆ, ವಿಚಾರಣೆ ನಡೆಸುವುದೇ ಸಾಧ್ಯವಿಲ್ಲ ಅಂತ ಕಾರಣ ಬರೆದಿಟ್ಟರೆ, ಅಥವಾ ದೇಶದ ಭದ್ರತೆಯ ವಿಷಯವಾದರೆ ಮಾತ್ರ ವಿನಾಯಿತಿ.

ಪ್ರಭಾರದ ಮೇಲೆ ಮೇಲಿನ ಹುದ್ದೆ ನಿಭಾಯಿಸುತ್ತಿದ್ದವರನ್ನು ವಾಪಸ್ ಕಳಿಸಿದರೆ? ಅದು ತಾನಾಗಿಯೇ ಶಿಕ್ಷೆ ಅಲ್ಲ. ಆದರೆ ಹೊರಗೆ ಸಾದಾ ಆದೇಶದ ಹಾಗೆ ಕಂಡು ಒಳಗೆ ಶಿಕ್ಷೆ ಇದ್ದರೆ ಕೋರ್ಟ್ ಮುಸುಕು ಸರಿಸಿ ನೋಡುತ್ತದೆ. 1957ರ ಪುರುಷೋತ್ತಮ ಲಾಲ್ ಧಿಂಗ್ರಾ ತೀರ್ಪಿನಿಂದ ಬಂದ ಅಳತೆ ಇದು. ಪಂಜಾಬಿನ ಐಪಿಎಸ್ ಅಧಿಕಾರಿ ಪಿ.ಸಿ. ವಾಧ್ವಾ ಅವರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಹೆಚ್ಚುವರಿ ಎಸ್ಪಿಯಾಗಿ ಪ್ರಭಾರದಲ್ಲಿದ್ದ ಅವರನ್ನು ಕೆಳಗಿನ ಸಹಾಯಕ ಎಸ್ಪಿ ಹುದ್ದೆಗೆ ಕಳಿಸಿದರು. ಅವರಿಗಿಂತ ಕಿರಿಯರು ಮೇಲೆಯೇ ಉಳಿದರು. ಇದು ಶಿಕ್ಷೆಯೇ, ವಿಚಾರಣೆ ಇಲ್ಲದೆ ಕೊಟ್ಟದ್ದು ತಪ್ಪು ಅಂತ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಹಾಗಾಗಿ ನಿಮ್ಮ ಆದೇಶದಲ್ಲಿ ‘ಶಿಕ್ಷೆ’ ಅನ್ನುವ ಪದ ಇಲ್ಲ ಅಂತ ಸುಮ್ನೆ ಕೂರಬೇಡಿ. ನಿಮಗಿಂತ ಕಿರಿಯರು ಎಲ್ಲಿದ್ದಾರೆ ನೋಡಿ.

ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ. ನೇರ ನೇಮಕಾತಿಯಲ್ಲಿ ಯಾವ ಹುದ್ದೆಗೆ ಸೇರಿದ್ದೀರೋ ಅದಕ್ಕಿಂತ ಕೆಳಗೆ ನಿಮ್ಮನ್ನು ಇಳಿಸುವಂತಿಲ್ಲ. ನ್ಯಾದರ್ ಸಿಂಗ್ ಪ್ರಕರಣದಲ್ಲಿ, 1988ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದು ಇದು. ಪರೀಕ್ಷೆ ಬರೆದು ನೇರ ಪಿಎಸ್‌ಐ ಆದವರನ್ನು ಎಎಸ್‌ಐ ಮಾಡಲು ಬರುವುದಿಲ್ಲ. ಅವರು ಯಾವತ್ತೂ ಎಎಸ್‌ಐ ಆಗಿರಲೇ ಇಲ್ಲವಲ್ಲ! ನಮ್ಮ ಉದಾಹರಣೆಯ ಎಎಸ್‌ಐಗೆ ಈ ರಕ್ಷಣೆ ಇಲ್ಲ. ಅವರು ಕಾನ್‌ಸ್ಟೆಬಲ್ ಆಗಿ ಸೇರಿದವರು. ಆದೇಶ ಕೈಗೆ ಬಂದ ಕೂಡಲೇ ಸೇವಾ ಪುಸ್ತಕ ತೆಗೆದು ನೇಮಕಾತಿ ಆದೇಶ ನೋಡಿ ಅಂತ ನಾನು ಹೇಳುವುದು ಇದಕ್ಕೇ. ಇದೊಂದರಿಂದಲೇ ಇಡೀ ಕೇಸ್ ಮುಗಿಯಬಹುದು.

ಕೋರ್ಟ್ ಏನು ನೋಡುತ್ತದೆ, ಏನು ನೋಡಲ್ಲ

ದಾರಿ ಆರಿಸುವ ಮುನ್ನ ಇದು ಗೊತ್ತಿರಬೇಕು. ‘ನಾನು ತಪ್ಪೇ ಮಾಡಿಲ್ಲ ಸಾರ್, ಕೋರ್ಟ್‌ನಲ್ಲಿ ಎಲ್ಲ ಹೇಳ್ತೀನಿ’ ಅಂತ ಬರುವವರೇ ಜಾಸ್ತಿ. ಕೋರ್ಟ್ ಅದನ್ನು ಕೇಳುವುದಿಲ್ಲ. ಅಂದರೆ, ಸಾಕ್ಷಿಗಳನ್ನು ಮತ್ತೆ ತೂಗಿ ನೀವು ತಪ್ಪು ಮಾಡಿದ್ದೀರೋ ಇಲ್ಲವೋ ಅಂತ ತೀರ್ಮಾನ ಮಾಡುವುದಿಲ್ಲ. ಇಲಾಖೆ ಆ ತೀರ್ಮಾನಕ್ಕೆ ಬಂದ ಹಾದಿ ಸರಿ ಇತ್ತಾ ಅಂತ ಮಾತ್ರ ನೋಡುತ್ತದೆ. ಆಂಧ್ರದ ಸಬ್ ಇನ್ಸ್‌ಪೆಕ್ಟರ್ ಒಬ್ಬರ ಪ್ರಕರಣದಲ್ಲಿ, ಶ್ರೀರಾಮ ರಾವ್ ಅಂತ, 1963ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿತು. ಬಿ.ಸಿ. ಚತುರ್ವೇದಿ (1995), ಪಿ. ಗುಣಶೇಖರನ್ (2014) ತೀರ್ಪುಗಳು ಅದನ್ನೇ ಇನ್ನಷ್ಟು ಬಿಗಿ ಮಾಡಿವೆ. ಸಾಕ್ಷ್ಯ ಸಾಲದು ಅನ್ನುವ ವಾದ ಓಡಲ್ಲ. ಸಾಕ್ಷ್ಯವೇ ಇಲ್ಲ ಅನ್ನುವ ವಾದ ಓಡುತ್ತದೆ.

ಈ ಎರಡರ ನಡುವಿನ ವ್ಯತ್ಯಾಸ ದೆಹಲಿಯ ಕಾನ್‌ಸ್ಟೆಬಲ್ ಕುಲದೀಪ್ ಸಿಂಗ್ ಅವರ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಕೂಲಿಕಾರರಿಗೆ ಕೊಡಲು 1000 ರೂಪಾಯಿ ಇಸಿದುಕೊಂಡು, 800 ಕೊಟ್ಟು 200 ತಾನಿಟ್ಟುಕೊಂಡ ಅನ್ನುವುದು ಆರೋಪ. ಅದಕ್ಕೆ ಕೆಲಸವೇ ಹೋಯಿತು. ಆದರೆ ಆ ಕೂಲಿಕಾರರನ್ನು ವಿಚಾರಣೆಗೆ ಕರೆಸಿರಲೇ ಇಲ್ಲ. ಅವರ ಹಳೆಯ ಹೇಳಿಕೆಯನ್ನೇ ಸಾಕ್ಷಿ ಅಂತ ಇಟ್ಟುಕೊಂಡರು. ಇಂಥ ಕಾಗದವನ್ನು ಸಾಕ್ಷ್ಯ ಅನ್ನಲು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ಅವರನ್ನು ಕೆಲಸಕ್ಕೆ ವಾಪಸ್ ಕಳಿಸಿತು. ಅದೇ ಕೂಲಿಕಾರರು ಬಂದು ಹೇಳಿ, ಪಾಟಿ ಸವಾಲೂ ಆಗಿದ್ದರೆ? ಅವರ ಮಾತು ನಂಬಲು ಕಷ್ಟ ಅನಿಸಿದರೂ ಕೋರ್ಟ್ ಕೈ ಹಾಕುತ್ತಿರಲಿಲ್ಲ.

ಹಳೆಯ ಮೈಸೂರು ರಾಜ್ಯದಿಂದ ಹೋದ ಒಂದು ಪ್ರಕರಣವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆ. ಮಂಚೇಗೌಡ ಎಂಬ ಅಧಿಕಾರಿಯ ವಿಚಾರಣೆ ನಡೆಸಿದವರು ಹುದ್ದೆ ಇಳಿಸಿದರೆ ಸಾಕು ಅಂತ ಬರೆದಿದ್ದರು. ಸರ್ಕಾರ ವಜಾ ಮಾಡಿತು. ಕಾರಣವಾಗಿ ಅವರ ಹಳೆಯ ಸೇವಾ ದಾಖಲೆಯನ್ನೂ ಸೇರಿಸಿತು. ಆದರೆ ಹಳೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಅಂತ ನೋಟಿಸಿನಲ್ಲಿ ಹೇಳಿರಲಿಲ್ಲ. ಆದೇಶ ನಿಲ್ಲಲಿಲ್ಲ. ನಿಮ್ಮ ಆದೇಶದ ಕೊನೆಯ ಪ್ಯಾರಾದಲ್ಲಿ ‘ಈ ಹಿಂದೆಯೂ ಸದರಿಯವರು’ ಅಂತ ಒಂದು ಸಾಲು ಇದೆಯಾ? ಅದು ಆರೋಪ ಪಟ್ಟಿಯಲ್ಲೋ ನೋಟಿಸಿನಲ್ಲೋ ಇತ್ತಾ? ಇರದಿದ್ದರೆ ಆ ಸಾಲಿಗೆ ಗೆರೆ ಎಳೆದು ಇಟ್ಟುಕೊಳ್ಳಿ.

ವಿಚಾರಣಾ ವರದಿಯ ಪ್ರತಿ ಕೊಡದೆ ಶಿಕ್ಷೆ ಕೊಟ್ಟಿದ್ದರೆ ಅದೂ ದೋಷ. ಆದರೆ 1993ರ ಕರುಣಾಕರ್ ತೀರ್ಪಿನ ಮೇಲೆ, ಅದರಿಂದ ನಿಮಗೆ ಏನು ಹಾನಿ ಆಯಿತು ಅಂತ ತೋರಿಸಬೇಕು. ತೋರಿಸಿದರೂ ಬಹಳ ಸಲ ಕೇಸ್ ಇಲಾಖೆಗೇ ವಾಪಸ್ ಹೋಗುತ್ತದೆ, ಅಲ್ಲಿಂದ ಮತ್ತೆ ಶುರು. ಬರೀ ತಾಂತ್ರಿಕ ತಪ್ಪಿನ ಮೇಲೆ ಗೆಲ್ಲುವುದರಲ್ಲಿ ಇರುವ ತೊಂದರೆ ಇದೇ. ಸಾಕ್ಷ್ಯವೇ ಇಲ್ಲ ಅಂತ ಗೆದ್ದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ನೋಟಿಸ್ ಸರಿ ಇಲ್ಲ ಅಂತ ಗೆದ್ದರೆ ಹೊಸ ನೋಟಿಸ್ ಬರುತ್ತದೆ. ಎರಡೂ ವಾದ ಇದ್ದರೆ ದೊಡ್ಡದನ್ನು ಮುಂದೆ ಇಡಿ.

ಶಿಕ್ಷೆ ಅತಿಯಾಯಿತು ಅನ್ನುವ ವಾದಕ್ಕೂ ಜಾಗ ಇದೆ, ಆದರೆ ಸಣ್ಣದು. ನೋಡಿದವರ ಮನಸ್ಸಿಗೇ ಆಘಾತ ಆಗುವಷ್ಟು ಅತಿ ಆಗಿರಬೇಕು. ವಜಾ ಆದವರಿಗೆ ಈ ವಾದ ಆಗಾಗ ಫಲ ಕೊಟ್ಟಿದೆ. ಹಿಂಬಡ್ತಿ ಆದವರಿಗೆ ಕಷ್ಟ. ‘ಕೆಲಸ ಉಳಿದಿದೆಯಲ್ಲ’ ಅಂತ ಎದುರಿನವರು ಹೇಳಿಯೇ ಹೇಳುತ್ತಾರೆ.

ಮೊದಲ ದಾರಿ: ಇಲಾಖೆಯ ಮೇಲ್ಮನವಿ

ಕೆಳ ಹಂತದ ಪೊಲೀಸರ ಶಿಸ್ತು ಕ್ರಮ 1965ರ ಕರ್ನಾಟಕ ರಾಜ್ಯ ಪೊಲೀಸ್ (ಶಿಸ್ತು ನಡವಳಿಗಳು) ನಿಯಮಗಳ ಪ್ರಕಾರ ನಡೆಯುತ್ತದೆ. ಸಾಮಾನ್ಯವಾಗಿ ಎಸ್ಪಿ ಅಥವಾ ಡಿಸಿಪಿ ಆದೇಶ ಮಾಡಿದರೆ ಅವರ ಮೇಲಿನವರಿಗೆ ಮೇಲ್ಮನವಿ.

‘ಅವರೇ ಕೊಟ್ಟ ಶಿಕ್ಷೆ, ಅವರೇ ತೆಗೀತಾರಾ?’ ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಸಾಕ್ಷ್ಯವನ್ನು ಮತ್ತೆ ತೂಗುವ, ಶಿಕ್ಷೆಯನ್ನು ಸುಮ್ಮನೆ ಕಡಿಮೆ ಮಾಡುವ ಅಧಿಕಾರ ಇರುವುದು ಇಲ್ಲಿ ಮಾತ್ರ. ‘24 ವರ್ಷದ ಸರ್ವಿಸ್, ಇದೇ ಮೊದಲ ಆರೋಪ, ಹಿಂಬಡ್ತಿಯ ಬದಲು ವೇತನ ಬಡ್ತಿ ತಡೆ ಸಾಕು’ ಅನ್ನುವ ಮನವಿಗೆ ಐಜಿಪಿ ಒಪ್ಪಬಹುದು. ಕೋರ್ಟ್ ಅದಕ್ಕೆ ಕಿವಿಗೊಡುವುದು ಅಪರೂಪ. ಖರ್ಚೂ ಇಲ್ಲ. ತೊಂದರೆ ಎಂದರೆ ನಿಧಾನ. ಜತೆಗೆ, ನೋಟಿಸ್ ಕೊಟ್ಟು ಶಿಕ್ಷೆ ಹೆಚ್ಚಿಸುವ ಅಧಿಕಾರವೂ ಮೇಲಿನವರಿಗೆ ಇರುತ್ತದೆ. ಆರೋಪ ನಿಜಕ್ಕೂ ಗಂಭೀರವಾಗಿದ್ದು ಕಡಿಮೆ ಶಿಕ್ಷೆಯಲ್ಲಿ ಪಾರಾಗಿದ್ದರೆ ಎರಡು ಸಲ ಯೋಚಿಸಿ.

ಬೇಡ ಅನ್ನುವ ಹಾಗೂ ಇಲ್ಲ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 20ನೇ ಕಲಂ, ಸಾಮಾನ್ಯವಾಗಿ ಇಲಾಖೆಯೊಳಗಿನ ದಾರಿ ಮುಗಿಸಿಯೇ ಬನ್ನಿ ಅನ್ನುತ್ತದೆ. ಮೇಲ್ಮನವಿ ಹಾಕಿ 6 ತಿಂಗಳಾದರೂ ಆದೇಶ ಬರದಿದ್ದರೆ ಮುಗಿದ ಹಾಗೆಯೇ ಲೆಕ್ಕ.

ಸಂಘದ ಕಡೆಯಿಂದ ಒತ್ತಡ ತರುವ ದಾರಿ ಪೊಲೀಸರಿಗೆ ಇಲ್ಲ. 1966ರ ಕೇಂದ್ರ ಕಾಯ್ದೆ ಪೊಲೀಸರ ಸಂಘಟನೆಯ ಹಕ್ಕಿಗೆ ಬೇಲಿ ಹಾಕಿದೆ. ಬೇರೆ ಇಲಾಖೆಯ ನೌಕರರ ಜತೆ ಹೋಲಿಸಿದರೆ ಪೊಲೀಸರು ಈ ವಿಷಯದಲ್ಲಿ ಒಂಟಿ. ಅದಕ್ಕೇ ಕಾಗದಪತ್ರ ಅಚ್ಚುಕಟ್ಟಾಗಿರಬೇಕು.

ಎರಡನೇ ದಾರಿ: ಕೆಎಟಿ

ರಾಜ್ಯ ಪೊಲೀಸರ ಸೇವಾ ವಿಷಯಕ್ಕೆ ಮೊದಲ ಕೋರ್ಟ್ ಇದೇ. 1986ರಿಂದ ಇದೆ. ಬೆಂಗಳೂರಿನ ಜತೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಕಾನೂನು ಗೊತ್ತಿರುವ ಸದಸ್ಯರೊಬ್ಬರು, ಆಡಳಿತದಲ್ಲಿ ಪಳಗಿದ ಸದಸ್ಯರೊಬ್ಬರು ಕೂರುತ್ತಾರೆ. ಕಡತದ ಒಳಗುಟ್ಟು ಗೊತ್ತಿರುವವರು ಪೀಠದಲ್ಲಿ ಇರುವುದು ಒಮ್ಮೊಮ್ಮೆ ಲಾಭ. ವಕೀಲರಿಲ್ಲದೆ ನೀವೇ ವಾದಿಸಬಹುದು, ಆದರೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಇಲ್ಲಿ ಸೋಲುವವರು ಹೆಚ್ಚಾಗಿ ತಾರೀಖಿನಲ್ಲಿ ಸೋಲುತ್ತಾರೆ. 21ನೇ ಕಲಂ ಪ್ರಕಾರ ಅಂತಿಮ ಆದೇಶದಿಂದ 1 ವರ್ಷದೊಳಗೆ ಬರಬೇಕು. ಮೇಲ್ಮನವಿಗೆ ಉತ್ತರವೇ ಬರದಿದ್ದರೆ ಆ 6 ತಿಂಗಳು ಮುಗಿದ ದಿನದಿಂದ 1 ವರ್ಷ. ತಡವಾದರೆ ಸರಿಯಾದ ಕಾರಣ ಕೊಟ್ಟು ಮನ್ನಾ ಕೇಳಬಹುದು. ಆದರೆ ‘ಡಿಜಿಪಿ ಅವರಿಗೆ ಮೂರು ಸಲ ಮನವಿ ಕೊಟ್ಟಿದ್ದೆ’ ಅನ್ನುವುದು ಸರಿಯಾದ ಕಾರಣ ಅಲ್ಲ. ನಿಯಮದಲ್ಲಿ ಇಲ್ಲದ ಮನವಿಗಳನ್ನು ಒಂದರ ಮೇಲೊಂದು ಕೊಟ್ಟರೆ ಗಡುವು ಬೆಳೆಯುವುದಿಲ್ಲ ಅಂತ 1989ರ ಎಸ್.ಎಸ್. ರಾಥೋರ್ ಪ್ರಕರಣದಲ್ಲಿ 7 ನ್ಯಾಯಮೂರ್ತಿಗಳ ಪೀಠ ಹೇಳಿದೆ.

ತಾರೀಖು ಎಂಥ ಗೆದ್ದ ಕೇಸನ್ನೂ ಮುಳುಗಿಸುತ್ತದೆ ಅನ್ನಲು ಮೊಹಮ್ಮದ್ ನೂಹ್ ಅವರಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಉತ್ತರ ಪ್ರದೇಶದ ಹೆಡ್ ಕಾನ್‌ಸ್ಟೆಬಲ್. ಅವರ ವಿಚಾರಣೆ ನಡೆಸಿದ ಪೊಲೀಸ್ ಅಧಿಕಾರಿ, ಸಾಕ್ಷಿಯೊಬ್ಬ ಉಲ್ಟಾ ಹೊಡೆದಾಗ, ತಾನೇ ಸಾಕ್ಷಿಯಾಗಿ ಹೇಳಿಕೆ ಕೊಟ್ಟರು. ಆಮೇಲೆ ತಾನೇ ತೀರ್ಪು ಬರೆದು ವಜಾ ಮಾಡಿದರು. ಇದು ನ್ಯಾಯದ ಮೂಲ ನಿಯಮಕ್ಕೇ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು. ಆದರೂ ಅವರು ಸೋತರು. ವಜಾ ಆದದ್ದು 1948ರ ಏಪ್ರಿಲ್‌ನಲ್ಲಿ. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿಯಲ್ಲಿ. ಅವರ ಕೊನೆಯ ಅರ್ಜಿಯನ್ನು ಇಲಾಖೆ ತಿರಸ್ಕರಿಸಿದ್ದು 1950ರ ಏಪ್ರಿಲ್‌ನಲ್ಲಿ, ನಿಜ. ಆದರೆ ಮೂಲ ಆದೇಶ ಸಂವಿಧಾನಕ್ಕಿಂತ ಹಿಂದಿನದು, ಆಗ ಇಲ್ಲದ ಅಧಿಕಾರವನ್ನು ಹೈಕೋರ್ಟ್ ಈಗ ಬಳಸುವಂತಿಲ್ಲ ಅಂತ ಬಹುಮತದ ತೀರ್ಪು ಬಂತು. 1957ರ ತೀರ್ಪು ಅದು. ಈಗಲೂ ವಕೀಲರು ಅದನ್ನು ಉಲ್ಲೇಖಿಸಿ ಬೇರೆಯವರ ಕೇಸ್ ಗೆಲ್ಲುತ್ತಾರೆ. ನೂಹ್ ಅವರಿಗೆ ಸಿಕ್ಕಿದ್ದು ಏನೂ ಇಲ್ಲ.

ತಡೆಯಾಜ್ಞೆ ಬಗ್ಗೆ ಒಂದು ಮಾತು. ಕೆಎಟಿ ಕೊಡಬಹುದು. ಆದರೆ ಎದುರಿನವರಿಗೆ ಪ್ರತಿ ಕೊಟ್ಟು, ಅವರ ಮಾತು ಕೇಳಿ ಕೊಡುವುದು ಪದ್ಧತಿ. ಎದುರಿನವರನ್ನು ಕೇಳದೆ ಕೊಟ್ಟರೆ 14 ದಿನಕ್ಕೆ ಸೀಮಿತ. ಹೊಸ ಹುದ್ದೆಗೆ ಹಾಜರಾಗಿ ಎರಡು ತಿಂಗಳಾದ ಮೇಲೆ ತಡೆ ಕೇಳಿದರೆ, ತಡೆಯಲು ಏನೂ ಉಳಿದಿರುವುದಿಲ್ಲ. ಬೇಕು ಅಂತಿದ್ದರೆ ಮೊದಲ ವಾರದಲ್ಲೇ ಓಡಬೇಕು.

ಮೂರನೇ ದಾರಿ: ಹೈಕೋರ್ಟ್

ನೇರವಾಗಿ ಹೈಕೋರ್ಟ್‌ಗೆ ಹೋಗುವುದು ರಾಜ್ಯ ಪೊಲೀಸರಿಗೆ ಮುಚ್ಚಿದ ಬಾಗಿಲು. 1997ರ ಚಂದ್ರಕುಮಾರ್ ತೀರ್ಪು ನ್ಯಾಯಮಂಡಳಿಯನ್ನು ಮೊದಲ ಮೆಟ್ಟಿಲು ಮಾಡಿದೆ. ಅಲ್ಲಿ ಸೋತ ಮೇಲೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ ರಿಟ್. ಬೆಂಗಳೂರು, ಧಾರವಾಡ, ಕಲಬುರಗಿ, ಮೂರೂ ಕಡೆ ಇದೆ. ಅಲ್ಲಿಂದ ಸುಪ್ರೀಂ ಕೋರ್ಟಿಗೆ 90 ದಿನ. ಒಂದೊಂದು ಮೆಟ್ಟಿಲು ಹತ್ತಿದಷ್ಟೂ ನೋಡುವ ಕಿಂಡಿ ಸಣ್ಣದಾಗುತ್ತಾ ಹೋಗುತ್ತದೆ. ಕೆಎಟಿಯಲ್ಲಿ ಎತ್ತದ ವಾದವನ್ನು ಹೈಕೋರ್ಟಿನಲ್ಲಿ ಹೊಸದಾಗಿ ಎತ್ತುವುದು ಬಹಳ ಕಷ್ಟ.

ಆದರೆ ಎಲ್ಲ ಸಮವಸ್ತ್ರದವರಿಗೂ ಇದೇ ದಾರಿ ಅಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಿಲ್ಲುವ ಸಿಐಎಸ್‌ಎಫ್, ಇವು ಕೇಂದ್ರದ ಸಶಸ್ತ್ರ ಪಡೆಗಳು. ನ್ಯಾಯಮಂಡಳಿ ಕಾಯ್ದೆ ಇವರಿಗೆ ಅನ್ವಯಿಸುವುದಿಲ್ಲ. ಇಲಾಖೆಯ ಮೇಲ್ಮನವಿ ಆದ ಮೇಲೆ ಇವರು ನೇರ ಹೈಕೋರ್ಟಿಗೇ ಹೋಗುತ್ತಾರೆ. ಐಪಿಎಸ್ ಅಧಿಕಾರಿಗಳದು ಸಿಎಟಿ, ಅಂದರೆ ಕೇಂದ್ರದ ನ್ಯಾಯಮಂಡಳಿ. ಸ್ನೇಹಿತ ಹೇಳಿದ ಅಂತ ಅವನ ದಾರಿ ಹಿಡಿಯುವ ಮುನ್ನ ಅವನು ಯಾವ ಪಡೆ ಅಂತ ಕೇಳಿ.

ಮಾನವ ಹಕ್ಕು ಆಯೋಗ, ಲೋಕಾಯುಕ್ತದ ಬಗ್ಗೆಯೂ ಕೇಳುತ್ತಾರೆ. ಹಿಂಬಡ್ತಿಯಂಥ ಸೇವಾ ಜಗಳಕ್ಕೆ ಅವು ಜಾಗವಲ್ಲ. ಸಮಯ ಹಾಳು.

ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆ ಆದವರಿಗೆ

‘ಕೋರ್ಟೇ ಬಿಟ್ಟಿದೆ, ಇಲಾಖೆ ಯಾರು?’ ಅನ್ನುವ ವಾದ ಕೇಳಲು ಚೆಂದ. ನಡೆಯುವುದು ಕೆಲವು ಸಲ ಮಾತ್ರ. ನಮ್ಮದೇ ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿ ಕ್ಯಾಪ್ಟನ್ ಎಂ. ಪಾಲ್ ಆಂಥೋನಿ ಅವರ ಪ್ರಕರಣ ಇದರ ಮೂಲ. 1985ರಲ್ಲಿ ಮನೆ ಮೇಲೆ ದಾಳಿ ನಡೆದು 4.5 ಗ್ರಾಂ ಚಿನ್ನದ ಉಂಡೆ, ಚಿನ್ನ ಇರುವ ಮರಳು ಸಿಕ್ಕಿತು ಅಂತ ಆರೋಪ. ಅಮಾನತಿನಲ್ಲಿದ್ದಾಗ ಜೀವನಾಂಶ ಭತ್ಯೆ ಕೊಡದೆ, ಅವರು ಬರಲಾಗದೆ, ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. ಮರುವರ್ಷ ಕ್ರಿಮಿನಲ್ ಕೋರ್ಟ್ ಆ ದಾಳಿಯೇ ಸಾಬೀತಾಗಿಲ್ಲ ಅಂತ ಬಿಟ್ಟಿತು. ಎರಡೂ ಕಡೆ ಅದೇ ಸಾಕ್ಷಿಗಳು, ಅದೇ ದಾಳಿ. ಹಾಗಾಗಿ ಶಿಕ್ಷೆ ನಿಲ್ಲಲ್ಲ ಅಂತ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು.

ಅದೇ ಕೋರ್ಟ್ 2012ರಲ್ಲಿ, ತಮಿಳುನಾಡಿನ ಪೊಲೀಸರೊಬ್ಬರ ಸಮುತಿರಂ ಪ್ರಕರಣದಲ್ಲಿ, ಸಂಶಯದ ಲಾಭದಿಂದ ಬಿಡುಗಡೆ ಆದರೆ ಸಾಲದು, ಗೌರವದಿಂದ ಬಿಡುಗಡೆ ಆಗಿರಬೇಕು ಅಂದಿತು. ಹಾಗಾಗಿ ಖುಲಾಸೆ ತೀರ್ಪಿನ ಕೊನೆಯ ಸಾಲು ಓದಿ ಖುಷಿಪಡಬೇಡಿ. ಅದರ ಒಳಗೆ ಸಾಕ್ಷಿಗಳು ಉಲ್ಟಾ ಹೊಡೆದರು ಅಂತಿದೆಯಾ, ಅಥವಾ ಆರೋಪವೇ ಸುಳ್ಳು ಅನ್ನುವ ಮಾತಿದೆಯಾ, ಅದನ್ನು ಓದಿ.

ದುಡ್ಡಿನ ಮಾತು

ಈಗ ಎರಡನೇ ಪ್ರಶ್ನೆ. ‘ಪರಿಹಾರ’ ಅನ್ನುವ ಒಂದೇ ಪದದೊಳಗೆ ನಾಲ್ಕು ಬೇರೆ ಬೇರೆ ದುಡ್ಡು ಇದೆ.

ಮೊದಲನೆಯದು ಹಿಂಬಾಕಿ. ನಮ್ಮ ಎಎಸ್‌ಐಗೆ ತಿಂಗಳಿಗೆ 3,500 ರೂಪಾಯಿ ಕಡಿಮೆ ಬಂತು ಅಂತಿಟ್ಟುಕೊಳ್ಳಿ. ಕೇಸ್ 5 ವರ್ಷ ಎಳೆದರೆ 2,10,000 ರೂಪಾಯಿ. ಹಿಂಬಡ್ತಿ ಆದವರಿಗೆ ಇಲ್ಲೊಂದು ಅನುಕೂಲ ಇದೆ, ವಜಾ ಆದವರಿಗೆ ಅದಿಲ್ಲ. ವಜಾ ಆದವರು ವಾಪಸ್ ಬಂದಾಗ ‘ಕೆಲಸ ಮಾಡಿಲ್ಲ, ಸಂಬಳ ಇಲ್ಲ’ ಅನ್ನುತ್ತಾರೆ. ನೀವು ಪ್ರತಿ ದಿನ ಡ್ಯೂಟಿ ಮಾಡಿದ್ದೀರಿ. ಮೇಲಿನ ಹುದ್ದೆಯಲ್ಲಿ ಮಾಡದಂತೆ ತಡೆದದ್ದು ಇಲಾಖೆ. ದುಡಿಯಲು ಸಿದ್ಧವಿದ್ದವರನ್ನು ತಮ್ಮದೇ ತಪ್ಪಿನಿಂದ ದೂರ ಇಟ್ಟವರು ‘ಕೆಲಸ ಇಲ್ಲದೆ ಸಂಬಳ ಇಲ್ಲ’ ಅನ್ನುವಂತಿಲ್ಲ ಅಂತ ಜಾನಕಿರಾಮನ್ ಪ್ರಕರಣದಲ್ಲಿ 1991ರಲ್ಲೇ ತೀರ್ಮಾನ ಆಗಿದೆ. ಕರ್ನಾಟಕ ಗೃಹ ಮಂಡಳಿಯ ನೌಕರ ಸಿ. ಮುದ್ದಯ್ಯ ಅವರ 2007ರ ಪ್ರಕರಣವೂ ಕೈಲಿರಲಿ. ಕೋರ್ಟ್ ಸವಲತ್ತು ಕೊಡಿ ಅಂದರೂ ಮಂಡಳಿ ಆ ಅವಧಿಯ ಹಣ ಕೊಡಲ್ಲ ಅಂತ ನಿರ್ಣಯ ಮಾಡಿತ್ತು. ‘ಕೆಲಸ ಇಲ್ಲದೆ ಸಂಬಳ ಇಲ್ಲ’ ಅನ್ನುವ ನಿಯಮ ಕಲ್ಲಿನ ಗೆರೆ ಅಲ್ಲ, ತಕ್ಕ ಪ್ರಕರಣದಲ್ಲಿ ಕೋರ್ಟ್ ಹಣವನ್ನೂ ಕೊಡಿಸಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು.

ಹಾಗಂತ ಪೂರ್ತಿ ಸಿಕ್ಕೇ ಸಿಗುತ್ತದೆ ಅಂತಲ್ಲ. ರಾಜಸ್ಥಾನದ ಕಾನ್‌ಸ್ಟೆಬಲ್ ರಾಮ್ ಲಾಲ್ ಅವರಿಗೆ 2023ರ ಡಿಸೆಂಬರ್‌ನಲ್ಲಿ ಕೆಲಸ, ಜ್ಯೇಷ್ಠತೆ ಎಲ್ಲ ವಾಪಸ್ ಬಂತು. ಹಿಂಬಾಕಿ ಮಾತ್ರ ಶೇ 50.

ಎರಡನೆಯದು ಕಾಲ್ಪನಿಕ ಬಡ್ತಿ. ಈ 5 ವರ್ಷದಲ್ಲಿ ನಿಮ್ಮ ಕಿರಿಯರು ಪಿಎಸ್‌ಐ ಆಗಿರಬಹುದು. ಆದೇಶ ರದ್ದಾದರೆ ನೀವು ಎಎಸ್‌ಐ ಆಗುತ್ತೀರಿ, ಪಿಎಸ್‌ಐ ತಾನಾಗಿ ಆಗುವುದಿಲ್ಲ. ‘ಕಿರಿಯರಿಗೆ ಬಡ್ತಿ ಬಂದ ದಿನದಿಂದ ನನ್ನನ್ನೂ ಪರಿಗಣಿಸಬೇಕು’ ಅಂತ ಬೇರೆಯಾಗಿ ಕೇಳಬೇಕು. ಕೈಗೆ ದುಡ್ಡು ಬರದೆ ಕಾಗದದ ಮೇಲೆ ಮಾತ್ರ ವೇತನ ನಿಗದಿ ಆದರೂ ಬಿಡಬೇಡಿ. ಪಿಂಚಣಿ ಅದರ ಮೇಲೆ ನಿಲ್ಲುತ್ತದೆ. ನಿವೃತ್ತಿಗೆ ಹತ್ತಿರ ಇರುವವರಿಗೆ ಹಿಂಬಾಕಿಗಿಂತ ಇದೇ ದೊಡ್ಡದು.

ಮೂರನೆಯದು ಬಡ್ಡಿ. 2,10,000 ರೂಪಾಯಿಗೆ, ತಿಂಗಳು ತಿಂಗಳು ಸೇರಿದ ಬಾಕಿ ಅಂತ ಲೆಕ್ಕ ಹಿಡಿದು ಶೇ 6ರಂತೆ ಹಾಕಿದರೂ ಸುಮಾರು 31,000 ಆಗುತ್ತದೆ. ಕೇಳದಿದ್ದರೆ ಕೊಡುವುದಿಲ್ಲ. ನನ್ನದೇ ಒಂದು ಹಳೆಯ ಅರ್ಜಿಯಲ್ಲಿ ಬಡ್ಡಿ ಅನ್ನುವ ಪದ ಬಿಟ್ಟುಹೋಗಿತ್ತು. ಗೆದ್ದ ಖುಷಿಯಲ್ಲಿ ಸಿಹಿ ಹಂಚಲು ಬಂದ ಕಕ್ಷಿದಾರರು ‘ಬಡ್ಡಿ ಎಷ್ಟಾಗುತ್ತೆ ಸಾರ್?’ ಅಂದಾಗ ಬಾಯಲ್ಲಿದ್ದ ಮೈಸೂರುಪಾಕು ಗಂಟಲಲ್ಲಿ ಇಳಿಯಲಿಲ್ಲ.

ನಾಲ್ಕನೆಯದು ನಿಜವಾದ ನಷ್ಟ ಪರಿಹಾರ: ಅವಮಾನಕ್ಕೆ, ಮನಸ್ಸಿನ ನೋವಿಗೆ, ಊರಲ್ಲಿ ತಲೆ ತಗ್ಗಿಸಿದ್ದಕ್ಕೆ. ಇದು ಹಿಂಬಡ್ತಿ ಕೇಸಿನಲ್ಲಿ ಸಿಗುವುದು ಅಪರೂಪ. ಆದೇಶ ತಪ್ಪಾಗಿದ್ದರೆ ಸಾಲದು, ಕೆಟ್ಟ ಉದ್ದೇಶದಿಂದ ಮಾಡಿದ್ದು ಅಂತ ತೋರಿಸಬೇಕು. ಆ ಅಧಿಕಾರಿಯನ್ನು ಹೆಸರು ಹಿಡಿದು ಪ್ರತಿವಾದಿ ಮಾಡಬೇಕು. ಸುಮ್ನೆ ‘ದುರುದ್ದೇಶ’ ಅಂತ ಬರೆದರೆ ಕೋರ್ಟ್ ಲೆಕ್ಕಕ್ಕೆ ಇಡಲ್ಲ. ದೊಡ್ಡ ಮೊತ್ತದ ಪರಿಹಾರದ ಸುದ್ದಿ ಓದಿ ಆಸೆ ಬೆಳೆಸಿಕೊಳ್ಳುವವರಿದ್ದಾರೆ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ ಸಿಕ್ಕಿತು, ನಿಜ. ಅದು ಸುಳ್ಳು ಕೇಸಿನಲ್ಲಿ ಬಂಧಿಸಿ, ಹಿಂಸೆ ಕೊಟ್ಟದ್ದಕ್ಕೆ. ಹುದ್ದೆಯ ವಿಷಯಕ್ಕಲ್ಲ.

ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದರೆ? ಸೇವಾ ವಿಷಯವನ್ನು ಬೇರೆ ಕೋರ್ಟ್ ಮುಟ್ಟದಂತೆ ಅದೇ 1985ರ ಕಾಯ್ದೆಯ 28ನೇ ಕಲಂ ಬೇಲಿ ಹಾಕಿದೆ. ಹಿಂಬಡ್ತಿ ತಪ್ಪು, ಹಾಗಾಗಿ ದುಡ್ಡು ಕೊಡಿ ಅನ್ನುವ ದಾವೆ ಆ ಬೇಲಿಗೇ ಸಿಕ್ಕಿಕೊಳ್ಳುತ್ತದೆ. ಮಾನನಷ್ಟ, ನಿಮ್ಮ ಮೇಲೆ ದುರುದ್ದೇಶದಿಂದ ಹಾಕಿಸಿದ ಕ್ರಿಮಿನಲ್ ಕೇಸ್, ಇಂಥ ಬೇರೆಯೇ ಕಾರಣ ಇದ್ದರೆ ಯೋಚಿಸಬಹುದು. ಅವುಗಳ ಗಡುವು 1 ವರ್ಷ ಮಾತ್ರ. ಸರ್ಕಾರದ ಮೇಲಾದರೆ 2 ತಿಂಗಳ ನೋಟಿಸ್ ಬೇಕು. ಕೇಳಿದ ಮೊತ್ತದ ಮೇಲೆ ಕೋರ್ಟ್ ಶುಲ್ಕ ಕಟ್ಟಬೇಕು. 10 ಲಕ್ಷ ಕೇಳುವ ಧೈರ್ಯ ಶುಲ್ಕದ ಲೆಕ್ಕ ಕೇಳಿದ ಮೇಲೆ ಎಷ್ಟೋ ಜನಕ್ಕೆ ಇಳಿದುಹೋಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ತಪ್ಪು ಸ್ವಲ್ಪ ಆಗಿದೆ, ಶಿಕ್ಷೆ ಜಾಸ್ತಿ ಆಯಿತು ಅನ್ನುವವರು ಮೇಲ್ಮನವಿಯ ಮೇಲೆಯೇ ಶ್ರಮ ಹಾಕಿ. ಹಳೆಯ ಬಹುಮಾನ, ಪ್ರಶಂಸಾ ಪತ್ರ ಎಲ್ಲ ಅಲ್ಲಿಗೇ ಲಗತ್ತಿಸಿ. ಕೆಎಟಿಯಲ್ಲಿ ಅವಕ್ಕೆ ಅಷ್ಟು ಬೆಲೆ ಇಲ್ಲ.

ಸಾಕ್ಷಿಯನ್ನೇ ಕರೆಸಿಲ್ಲ, ಪಾಟಿ ಸವಾಲಿಗೆ ಬಿಟ್ಟಿಲ್ಲ, ನೇಮಕ ಆದ ಹುದ್ದೆಗಿಂತ ಕೆಳಗೆ ಇಳಿಸಿದ್ದಾರೆ ಅನ್ನುವವರು ಮೇಲ್ಮನವಿಯನ್ನು ಎರಡೇ ಪುಟದಲ್ಲಿ ಹಾಕಿ, 6 ತಿಂಗಳು ಎಣಿಸಿ, ಕೆಎಟಿಗೆ ತಯಾರಾಗಿ. ಆ ಸಮಯದಲ್ಲಿ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಿಮ್ಮದೇ ಡಿಇ ಕಡತದ ಟಿಪ್ಪಣಿ ಹಾಳೆಗಳನ್ನು ಕೇಳಿ. ಉತ್ತರಕ್ಕೆ 30 ದಿನ. ವಿಚಾರಣಾಧಿಕಾರಿ ‘ಸಾಬೀತಾಗಿಲ್ಲ’ ಅಂತ ಬರೆದದ್ದನ್ನು ಮೇಲಿನವರು ಕಾರಣ ಕೊಡದೆ ತಿರುಗಿಸಿದ್ದು ಆ ಹಾಳೆಗಳಲ್ಲಿ ಸಿಗಬಹುದು.

ವಿಚಾರಣೆ ಇನ್ನೂ ನಡೆಯುತ್ತಿದೆ, ಆದೇಶ ಬಂದಿಲ್ಲ ಅನ್ನುವವರು ಈಗಲೇ ಕೋರ್ಟಿಗೆ ಓಡಬೇಡಿ. ಬರೀ ಆರೋಪ ಪಟ್ಟಿಯನ್ನು ಕೋರ್ಟ್ ಸಾಮಾನ್ಯವಾಗಿ ರದ್ದು ಮಾಡುವುದಿಲ್ಲ. ವರ್ಷಗಟ್ಟಲೆ ಎಳೆಯುತ್ತಿದ್ದರೆ ಮಾತ್ರ ಬೇಗ ಮುಗಿಸಲು ಹೇಳಿ ಅಂತ ಕೇಳಬಹುದು. 6 ತಿಂಗಳಲ್ಲಿ, ಹೆಚ್ಚೆಂದರೆ 1 ವರ್ಷದಲ್ಲಿ ಮುಗಿಯಬೇಕು ಅಂತ 2015ರ ಪ್ರೇಮ್ ನಾಥ್ ಬಾಲಿ ತೀರ್ಪಿನಲ್ಲಿದೆ. ಈ ಹಂತದಲ್ಲಿ ನಿಮ್ಮ ಕೆಲಸ ಬೇರೆ. ಯಾವ ದಾಖಲೆ ಬೇಕು, ಯಾವ ಸಾಕ್ಷಿ ಬೇಕು ಅಂತ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ, ಕೊಟ್ಟಿಲ್ಲ ಅಂತಲೂ ಬರೆದು ಕೊಡಿ. ಪ್ರತಿ ಸಲವೂ ಕಚೇರಿಯ ಟಪಾಲಿನಲ್ಲಿ ಸೀಲ್, ತಾರೀಖು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದ್ದೆ ಅಂದರೆ ಮೂರು ವರ್ಷ ಆದ ಮೇಲೆ ಯಾರೂ ನಂಬುವುದಿಲ್ಲ.